ಚಂದಾ ಬೇಡ ಅಂದದ್ದಕ್ಕೆ ಸಿಟ್ಟಾದ ಆಯಿ

ನಮ್ಮ ಸಭೆಯ, ಅಂದರೆ ಚರ್ಚಿನ, ಕಮಿಟಿಯಲ್ಲಿ ಒಂದು ಒಳ್ಳೆಯ ಮಾತು ಬಂತು. ವಿಧವಾ ಪಿಂಚಣಿ, ವೃದ್ಧಾಪ್ಯ ಪಿಂಚಣಿಯ ಮೇಲೆ ಬದುಕುವವರಿಂದ ತಿಂಗಳ ಚಂದಾ ತೆಗೆದುಕೊಳ್ಳುವುದು ಬೇಡ ಅಂತ. ಯಾರೂ ಅಡ್ಡ ಮಾತಾಡಲಿಲ್ಲ. ಯಾಕೆ ಆಡುತ್ತಾರೆ? ಸರ್ಕಾರ ಕೊಡುವ ಆ ಅಷ್ಟಿಷ್ಟು ದುಡ್ಡಿನಲ್ಲಿ ಬಿಪಿ ಗುಳಿಗೆ ತರಬೇಕು, ಮೊಮ್ಮಕ್ಕಳ ಕೈಗೆ ಏನಾದರೂ ಹಾಕಬೇಕು. ಅದರಲ್ಲಿ ಸಭೆಗೂ ಪಾಲು ಕೇಳುವುದು ಚಂದ ಕಾಣುವುದಿಲ್ಲ ಅಲ್ವಾ? ನಾನು ಸಭೆಯ ಖಜಾಂಚಿ. ಪಟ್ಟಿ ಮಾಡಿ ಕೊಟ್ಟೆ. ರವಿವಾರ ಪ್ರಕಟಣೆಯ ಹೊತ್ತಿಗೆ ಸಭಾಪಾಲಕರು ಓದಿ ಹೇಳಿದರು.

ಆರಾಧನೆ ಮುಗಿದು ವೆಸ್ಟ್ರಿಯಲ್ಲಿ, ಅಂದರೆ ಚರ್ಚಿನ ಒಳಕೋಣೆಯಲ್ಲಿ, ಕಾಣಿಕೆ ಎಣಿಸುತ್ತಾ ಕೂತಿದ್ದೆವು. ಆಯಿಯೊಬ್ಬರು ಬಾಗಿಲಲ್ಲಿ ಬಂದು ನಿಂತರು. "ಅಕ್ಕೋರ, ನನ್ನ ಹೆಸರು ಬುಕ್ಕಿನಾಗಿಂದ ತಗದೀರಂತ?" ಅಂದರು. ಹೆಸರು ತೆಗೆದಿಲ್ಲ ಆಯಿ, ಬರೀ ಚಂದಾ ಮಾಫ್ ಮಾಡಿದ್ದೇವೆ ಅಂದೆ. "ಮಾಫ್ ಮಾಡಾಕ ನಾ ಏನ್ ಸಾಲಾ ಮಾಡೀನೇನು? ಯಾರ್ ಕೇಳ್ಯಾರ ನಿಮಗ ಮಾಫಿ?" ಅನ್ನುತ್ತಾ ಒಳಗೆ ಬಂದರು. ಸೆರಗಿನ ಗಂಟು ಬಿಚ್ಚಿ ತಿಂಗಳ ಕವರನ್ನು ಮೇಜಿನ ಮೇಲೆ ಇಟ್ಟರು. ಇಟ್ಟರು ಅನ್ನುವುದಕ್ಕಿಂತ ಬಡಿದರು ಅನ್ನಬೇಕು. "ನಾ ಸತ್ತ ಮ್ಯಾಲೆ ಮಾಫ್ ಮಾಡ್ರಿ" ಅಂದು ಹೊರಟೇ ಹೋದರು. ಎಣಿಸುತ್ತಿದ್ದ ನಾವಿಬ್ಬರೂ ಎಷ್ಟರವರೆಗೆ ಎಣಿಸಿದ್ದೆವು ಅನ್ನುವುದನ್ನೇ ಮರೆತು ಮತ್ತೆ ಮೊದಲಿನಿಂದ ಶುರು ಮಾಡಿದೆವು.

ಆ ಸಿಟ್ಟು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕೊಡುವುದರಿಂದ ಏನು ಸಿಗುತ್ತದೆ ಅನ್ನುವುದಕ್ಕೆ ಪ್ರಸಂಗಗಳಲ್ಲಿ, ಅಂದರೆ ಚರ್ಚಿನ ಉಪದೇಶಗಳಲ್ಲಿ, ನಾವು ಸಾಮಾನ್ಯವಾಗಿ ಎರಡು ಉತ್ತರ ಕೇಳುತ್ತೇವೆ. ಪರಲೋಕದಲ್ಲಿ ಪ್ರತಿಫಲ, ಇಲ್ಲವೇ ಇಲ್ಲಿಯೇ ಆಶೀರ್ವಾದ. ಆಯಿ ಎರಡನ್ನೂ ಕೇಳಲಿಲ್ಲ. ಕೇಳಿದ್ದು ಪುಸ್ತಕದಲ್ಲಿನ ಹೆಸರನ್ನು. ನಮ್ಮ ಚಂದಾ ಪುಸ್ತಕ ಬಹಳ ಸಾದಾ. ಎಡಕ್ಕೆ ಹೆಸರು, ಬಲಕ್ಕೆ 12 ತಿಂಗಳ ಮನೆಗಳು. ಬಾಕಿ ಉಳಿಸಿಕೊಂಡವರು ವಾರ್ಷಿಕ ಸಭೆಯಲ್ಲಿ ಕೈ ಎತ್ತಿ ಮತ ಹಾಕುವಂತಿಲ್ಲ. ಆದರೆ ಆಯಿಗೆ ಮತದ ಚಿಂತೆ ಇದ್ದ ಹಾಗೆ ಕಾಣಲಿಲ್ಲ. ಯೋಚನೆ ಮಾಡಿದರೆ, ಊರಲ್ಲಿ ಆಕೆಯ ಹೆಸರು ಇರುವ ಬೇರೆ ಪಟ್ಟಿಗಳೆಲ್ಲ ತೆಗೆದುಕೊಳ್ಳುವವರ ಪಟ್ಟಿಗಳು. ರೇಷನ್ ಕಾರ್ಡು, ಪಿಂಚಣಿ, ಗೃಹಲಕ್ಷ್ಮಿ. ಕೊಡುವವರ ಪಟ್ಟಿ ಅಂತ ಇದ್ದದ್ದು ಇದೊಂದೇ. ಅದರಿಂದಲೂ ನಾವು ದಯೆ ತೋರಿಸಿ ಹೊರಗೆ ಹಾಕಿದೆವು.

ಚೀಲದಲ್ಲಿ ಬೀಳುವುದು

ಕಾಣಿಕೆ ಎಣಿಸುವವರಿಗೆ ಮನುಷ್ಯರ ಬಗ್ಗೆ ಕೆಲವು ವಿಷಯ ಸುಮ್ನೆ ಗೊತ್ತಾಗುತ್ತವೆ. ಪ್ಯಾಟಿಯಲ್ಲಿ ಯಾರೂ ತಗೊಳ್ಳದ ಹರಕು ನೋಟು ದೇವರಿಗೆ ಬರುತ್ತದೆ. 10 ರೂಪಾಯಿ ನಾಣ್ಯ ನಡೆಯುವುದಿಲ್ಲ ಅಂತ ಅಂಗಡಿಯವರು ಹಠ ಹಿಡಿದಾಗ ಆ ನಾಣ್ಯಗಳೆಲ್ಲ ನಮ್ಮ ಚೀಲಕ್ಕೇ ಬಂದವು. 2016ರ ನವೆಂಬರ್‌ನಲ್ಲಿ ಹಳೆಯ 500, 1000ದ ನೋಟು ಬಂದ್ ಆದವಲ್ಲ, ಆಗ ನಮ್ಮ ಸಭೆಯ ಭಕ್ತಿ ಏಕದಂ ಏರಿತ್ತು. ನಗುವ ವಿಷಯವೇ. ಆದರೆ ಅದೇ ಚೀಲದಲ್ಲಿ ಬಟ್ಟೆಯ ಗುಂಡಿಯಷ್ಟು ಸಣ್ಣದಾಗಿ ಮಡಚಿದ ನೋಟುಗಳೂ ಇರುತ್ತವೆ. ಬಿಚ್ಚುವಾಗಲೇ ತಿಳಿಯುತ್ತದೆ, ಇದು ಎಷ್ಟೋ ದಿನ ಸೆರಗಿನ ಗಂಟಿನಲ್ಲಿ ಇತ್ತು ಅಂತ.

ಯೇಸುವೂ ಒಮ್ಮೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎದುರಾಗಿ ಕೂತು ಯಾರು ಹೇಗೆ ಹಾಕುತ್ತಾರೆ ಅಂತ ನೋಡುತ್ತಿದ್ದನು. ಮಾರ್ಕನ ಸುವಾರ್ತೆ 12ನೇ ಅಧ್ಯಾಯ. ಬಡ ವಿಧವೆ ಎರಡು ಕಾಸು ಹಾಕಿದ ಕಥೆ ಸಂಡೆ ಸ್ಕೂಲಿನ ಮಕ್ಕಳಿಗೂ ಬರುತ್ತದೆ. ಲೆಕ್ಕ ಹಾಕಿದರೆ ಆ ಎರಡು ಕಾಸು ಆಗಿನ ಒಂದು ದಿನದ ಕೂಲಿಯ 64ನೇ ಒಂದು ಪಾಲು. ಇವತ್ತು ದಿನಗೂಲಿ 400 ರೂಪಾಯಿ ಅಂದುಕೊಂಡರೆ 6 ರೂಪಾಯಿ ಚಿಲ್ಲರೆ. ನಾವು ಎಣಿಸುವಾಗ ಕೊನೆಗೆ ಒಂದು ಕಡೆ ಸರಿಸಿ ಇಡುತ್ತೇವಲ್ಲ, ಅಂಥ ಹಣ.

ಈ ಕಥೆಯನ್ನು ಕಾಣಿಕೆಯ ರವಿವಾರ ಹೇಳುವವರು ಸಾಮಾನ್ಯವಾಗಿ ಅದರ ಹಿಂದಿನ ಮಾತು ಬಿಡುತ್ತಾರೆ. ಅದಕ್ಕೆ ಸ್ವಲ್ಪ ಮೊದಲೇ ಯೇಸು ಶಾಸ್ತ್ರಿಗಳನ್ನು ಬೈದಿದ್ದಾನೆ. ವಿಧವೆಯರ ಮನೆಗಳನ್ನು ನುಂಗುತ್ತಾರೆ, ನಟನೆಗಾಗಿ ಉದ್ದುದ್ದ ಪ್ರಾರ್ಥನೆ ಮಾಡುತ್ತಾರೆ ಅಂತ. ಆ ಬೈಗುಳ ಮುಗಿಯುತ್ತಿದ್ದಂತೆ ಒಬ್ಬ ವಿಧವೆ ಬಂದು ತನ್ನ ಬದುಕನ್ನೇ ಪೆಟ್ಟಿಗೆಗೆ ಹಾಕುತ್ತಾಳೆ. ಅಂದರೆ ಯೇಸು ಆಕೆಯನ್ನು ಹೊಗಳಿದ್ದು ಎಷ್ಟು ನಿಜವೋ, ಆಕೆಯನ್ನು ಆ ಸ್ಥಿತಿಗೆ ತಂದವರ ಮೇಲೆ ಸಿಟ್ಟಾದದ್ದೂ ಅಷ್ಟೇ ನಿಜ. ನನಗೆ ಇನ್ನೂ ಒಂದು ವಿಷಯ ಕಾಡುತ್ತದೆ. ಆಮೇಲೆ ಆಕೆಗೆ ಏನಾಯಿತು ಅನ್ನುವುದು ಎಲ್ಲೂ ಇಲ್ಲ. ಮನೆಗೆ ಹೋದಾಗ ಹಿಟ್ಟಿನ ಮಡಕೆ ತುಂಬಿತ್ತು ಅಂತ ಬರೆದಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಚಾರೆಪ್ತ ಊರಿನ ವಿಧವೆ ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟಾಗ ಮಡಕೆಯ ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ. ಈಕೆಗೆ ಅಂಥದ್ದೇನೂ ಆಗಲಿಲ್ಲ, ಅಥವಾ ಆದದ್ದನ್ನು ಯಾರೂ ಹೇಳಲಿಲ್ಲ. ಸಿಕ್ಕಿದ್ದು ಒಂದೇ. ಎಲ್ಲರಿಗಿಂತ ಹೆಚ್ಚು ಹಾಕಿದವಳು ಈಕೆ ಅನ್ನುವ ಮಾತು. ಕೊಟ್ಟವರ ಲೆಕ್ಕದಲ್ಲಿ ಮೊದಲ ಹೆಸರು. ಅದನ್ನೂ ಯೇಸು ಶಿಷ್ಯರಿಗೆ ಹೇಳಿದ್ದು, ಆಕೆಗೆ ಹೇಳಿದ ಹಾಗೆ ಕಾಣುವುದಿಲ್ಲ.

ಸವಾಲು

ನಾನು ಹುಟ್ಟಿದ್ದು ಗುಳೇದಗುಡ್ಡದಲ್ಲಿ. ಈಗ ಇರುವುದು ಬಾಗಲಕೋಟೆ ನವನಗರದಲ್ಲಿ. ಊರಿನ ಸುಗ್ಗಿ ಹಬ್ಬ ಗೊತ್ತಿರುವವರಿಗೆ ಸವಾಲಿನ, ಅಂದರೆ ಹರಾಜಿನ, ಬಗ್ಗೆ ಹೇಳಬೇಕಾಗಿಲ್ಲ. ಕಂಬಕ್ಕೆ ಜೋಳದ ದಂಟು ಕಟ್ಟುತ್ತಾರೆ. ಮುಂದೆ ರಾಶಿ ರಾಶಿ ಕಡ್ಲಿಗಿಡ, ಶೇಂಗಾ, ಕಬ್ಬು, ಬುಟ್ಟಿ ತುಂಬ ತತ್ತಿ. ಕಾಲು ಕಟ್ಟಿದ ಕೋಳಿಯೊಂದು ಪ್ರಸಂಗದ ನಡುವೆ ಎದ್ದು ತನ್ನದೂ ಒಂದು ಮಾತು ಹೇಳುತ್ತದೆ. ಹೊಲ ಇಲ್ಲದ ನೇಕಾರರು ಮಗ್ಗದಿಂದ ಇಳಿಸಿದ ಕುಪ್ಪಸದ ಖಣ ತಂದು ಇಡುತ್ತಾರೆ. ಅವರ ಸುಗ್ಗಿ ಅದೇ. ಆರಾಧನೆ ಆದ ಮೇಲೆ ಎಲ್ಲವನ್ನೂ ಅಂಗಳಕ್ಕೆ ತಂದು ಸವಾಲಿಗೆ ಹಾಕುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂದ ಯೇಸುಸ್ವಾಮಿಯ ಅಂಗಳದಲ್ಲೇ ಕೂಗಿ ಕೂಗಿ ಕೊಡುವ ಹಬ್ಬ! ಒಂದು ಲಿಂಬೆಹಣ್ಣಿಗೆ ಒಂದು ಬುಟ್ಟಿ ಲಿಂಬೆಯ ಬೆಲೆ ಬರುತ್ತದೆ. ಹಿಡಿದವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ, ಅದು ಮತ್ತೆ ಸವಾಲಿಗೆ ಬರುತ್ತದೆ. ನೋಡಲು ಬಂದ ಲಿಂಗಾಯತರ ಮನೆಯವರೂ ಸುಮ್ಮನೆ ಇರಲಾರದೆ ಒಂದು ಕೂಗು ಕೂಗುತ್ತಾರೆ.

ನಾನು ಸಣ್ಣವಳಿದ್ದಾಗಿನ ಒಂದು ಸವಾಲು ಮರೆತಿಲ್ಲ. ಒಂದು ದೊಡ್ಡ ಕುಂಬಳಕಾಯಿ. ನಮ್ಮ ಅಪ್ಪ ಅದಕ್ಕೆ ಬಿದ್ದರು. ಅಪ್ಪ ಮಗ್ಗದ ಮನುಷ್ಯ, ಮಾತು ಕಡಿಮೆ. ಎದುರಿಗೆ ಕೂಗುತ್ತಿದ್ದವರು ಕಿರಾಣಿ ಅಂಗಡಿ ಇದ್ದವರು, ದುಡ್ಡಿಗೆ ಕೊರತೆ ಇಲ್ಲ. ಹೆಡ್‌ಮಾಸ್ತರರೊಬ್ಬರು ಸವಾಲು ನಡೆಸುತ್ತಿದ್ದರು. "ಒಂದನೇ ಸಲ... ಎರಡನೇ ಸಲ..." ಅನ್ನುವಾಗ ಅಪ್ಪ ಮತ್ತೆ ಏರಿಸಿದರು. ಅಂಗಡಿಯವರು ನಕ್ಕು ಏರಿಸಿದರು. ಅಪ್ಪ ನಗಲಿಲ್ಲ, ಏರಿಸಿದರು. ಬೆಲೆ ಒಂದು ವಾರದ ಮಜೂರಿ ಮುಟ್ಟಿದಾಗ ಜನ ಎದ್ದು ನಿಂತರು. ಕೊನೆಗೆ ಅಂಗಡಿಯವರು ಕೈ ಮುಗಿದು "ಆತು ಮಾರಾಯ, ನಿಂದ" ಅಂದರು. ಚಪ್ಪಾಳೆ. ಅಪ್ಪ ಆ ಕಾಯಿಯನ್ನು ಹೆಗಲ ಮೇಲೆ ಇಟ್ಟುಕೊಂಡು ಬಂದರು. ಅಷ್ಟು ನೆಟ್ಟಗೆ ಅವರು ನಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ದೊಡ್ಡವಳಾದ ಮೇಲೆ ಅದು ಸ್ವಲ್ಪ ಅರ್ಥವಾಯಿತು. ಮಜೂರಿ ನೇಕಾರನ ಬದುಕು ನೋಡಿ. ನೂಲು ಮಾಲಕನದು, ಬಣ್ಣ ಮಾಲಕನದು. ನೇಯ್ದ ಖಣ ಅವನ ಕೈಗೆ ಹೋಗುತ್ತದೆ, ಮಜೂರಿ ಅವನ ಕೈಯಿಂದ ಬರುತ್ತದೆ. ವರ್ಷವಿಡೀ ಬೆಲೆ ಹೇಳುವವರು ಬೇರೆಯವರು, ಕೇಳಿಸಿಕೊಳ್ಳುವವರು ಅಪ್ಪ. ಆ ಒಂದು ಮಧ್ಯಾಹ್ನ ಬೆಲೆ ಹೇಳಿದವರು ಅಪ್ಪ. ಇದನ್ನು ಹೆಮ್ಮೆ ಅಂತ ಬೈಯಬಹುದು. ತುತ್ತೂರಿ ಊದಿಸಿ ಕೊಡುವವರು ತಮಗೆ ಬರಬೇಕಾದ ಫಲವನ್ನು ಆಗಲೇ ಪಡೆದಿದ್ದಾರೆ ಅನ್ನುವ ಮತ್ತಾಯನ ವಾಕ್ಯವನ್ನೂ ಹೇಳಬಹುದು. ಇರಲಿ. ಇದ್ದವನ ಹೆಮ್ಮೆಗೂ ಇಲ್ಲದವನ ಹೆಮ್ಮೆಗೂ ನಾನು ಒಂದೇ ತೂಕ ಹಾಕಲಾರೆ.

ಆದರೆ ಮನೆಗೆ ಬಂದ ಮೇಲಿನ ಕಥೆಯೂ ಇದೆ. ಅವ್ವ ಆ ದಿನ ಮಾತಾಡಲಿಲ್ಲ. ಆ ಕಾಯಿ ಪಲ್ಯವಾಯಿತು, ಸಾರಾಯಿತು, ಕಡಬಾಯಿತು. ಪ್ರತಿ ಸಲ ಬಡಿಸುವಾಗ ತಾಟಿಗೆ ಸೌಟು ಬಡಿಯುವ ಸದ್ದು ಒಂದಿಷ್ಟು ಜಾಸ್ತಿಯೇ ಇತ್ತು. ಕೊನೆಗೆ ಒಂದು ದಿನ ನನ್ನ ಕಡೆ ನೋಡಿ, ಅಪ್ಪನಿಗೆ ಕೇಳುವ ಹಾಗೆ ಅಂದಳು: "ನಿಮ್ಮಪ್ಪ ದೇವರಿಗೆ ಕೊಟ್ಟ. ಉದ್ರಿ ಹೇಳಾಕ ಅದ ಅಂಗಡಿಗೆ ನಾ ಹೋಗಬೇಕು." ಸವಾಲಿನಲ್ಲಿ ಸೋತ ಅದೇ ಅಂಗಡಿ! ಅಪ್ಪನ ಔದಾರ್ಯದ ಬಿಲ್ಲು ಅವ್ವನ ಹೆಸರಿಗೆ ಬಂದಿತ್ತು.

ನಮ್ಮಲ್ಲಿ ಕೊಡುವುದರ ಬಗ್ಗೆ ಮಾತಾಡುವವರು ಬಹುಪಾಲು ಗಂಡಸರು. ಅದಕ್ಕೋ ಏನೋ, ಯಾರ ಪಾಲಿನಿಂದ ಕೊಡುತ್ತಿದ್ದೇವೆ ಅನ್ನುವ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಯೇಸುವಿಗೆ ಅದು ಬಂದಿತ್ತು. ತಂದೆತಾಯಿಗೆ ಕೊಡಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು ಅಂತ ಹೇಳಿ ಕೈ ತೊಳೆದುಕೊಳ್ಳುವವರನ್ನು ಮಾರ್ಕನ 7ನೇ ಅಧ್ಯಾಯದಲ್ಲಿ ಸರಿಯಾಗಿ ಝಾಡಿಸಿದ್ದಾನೆ. ಅವ್ವನಿಗೆ ಆ ವಾಕ್ಯ ಗೊತ್ತಿತ್ತೋ ಇಲ್ಲವೋ. ಅವಳು ಓದಿದ್ದು ಕಡಿಮೆ.

ಅವ್ವನೂ ಕೊಡುತ್ತಿದ್ದಳು, ಅದು ಯಾರಿಗೂ ಕಾಣುತ್ತಿರಲಿಲ್ಲ. ಜೋಳ ಬೀಸಾಕ ಕಳಿಸುವ ಮೊದಲು ಒಂದು ಮುಷ್ಟಿ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಡಬ್ಬಿ ತುಂಬಿದರೆ ಸ್ತ್ರೀಯರ ಸಂಘಕ್ಕೆ. ಇದೇ ಪದ್ಧತಿ ಎಲ್ಲೋ ದೂರದ ಮಿಜೋರಾಮಿನಲ್ಲೂ ಇದೆ ಅಂತ ಬಹಳ ವರ್ಷದ ಮೇಲೆ ಓದಿ ಖುಷಿಯಾಯಿತು. ಅಲ್ಲಿ ಅದಕ್ಕೆ ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಅಡಿಗೆಗೆ ಅಕ್ಕಿ ತೆಗೆದಾಗಲೆಲ್ಲ ಒಂದು ಹಿಡಿ ಬೇರೆ ಇಡುವುದು. ನೂರು ವರ್ಷಕ್ಕೂ ಹಿಂದೆ ಶುರುವಾದ ಆ ಹಿಡಿ ಅಕ್ಕಿ ಇವತ್ತು ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಗೆ ವರ್ಷಕ್ಕೆ ಕೋಟಿಗಟ್ಟಲೆ ತಂದುಕೊಡುತ್ತದೆ. ನಮ್ಮ ಡಬ್ಬಿಯಿಂದ ಕೋಟಿ ಏನೂ ಬರಲಿಲ್ಲ. ಒಮ್ಮೆ ಕೇಳಿದ್ದೆ, ನಮಗೇ ಸಾಲದು, ಇದು ಯಾಕವ್ವ ಅಂತ. "ಡಬ್ಬಿ ತುಂಬಿದ್ದು ನೋಡಿದ್ರ ನಾವೂ ಇದ್ದವ್ರ ಪೈಕಿ ಅನಸ್ತೈತಿ" ಅಂದಳು. ಕೊಡುವುದರ ಫಲದ ಬಗ್ಗೆ ನಾನು ಕೇಳಿದ ಪ್ರಸಂಗಗಳಲ್ಲಿ ಇಷ್ಟು ನೇರವಾಗಿ ಯಾರೂ ಹೇಳಿಲ್ಲ. ಅಪ್ಪನಿಗೂ ಬೇಕಿದ್ದದ್ದು ಅದೇ ಅಲ್ವಾ? ಅವ್ವ ಅದನ್ನು ಯಾರಿಗೂ ಉದ್ರಿ ಹೇಳದೆ ಪಡೆದುಕೊಂಡಳು, ಅಷ್ಟೇ ವ್ಯತ್ಯಾಸ.

ಅರ್ಧ ಬಾಟ್ಸೆನ್

ಇದ್ದವರ ಪೈಕಿ ಅನಿಸಿಕೊಳ್ಳುವುದು ನಮ್ಮಂಥವರಿಗೆ ಯಾಕೆ ಇಷ್ಟು ಮುಖ್ಯ ಅನ್ನುವುದಕ್ಕೆ ಒಂದು ಇತಿಹಾಸ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಗುಳೇದಗುಡ್ಡದಲ್ಲಿ ನೆಲೆ ಮಾಡಿದ್ದು 1851ರಲ್ಲಿ. ಆಮೇಲೆ 1876ರಿಂದ 78ರ ದೊಡ್ಡ ಬರ ಬಂತು. ಕ್ರೈಸ್ತರಾದವರಿಗೆ ಊರವರು ಹಚ್ಚಿದ ಬೈಗುಳ ಎಲ್ಲರಿಗೂ ಗೊತ್ತು. ಮಿಶನ್ ಕೂಳಿಗೆ ಹೋದವರು. ನನ್ನ ಅಜ್ಜ ಆ ಮಾತು ಕೇಳುತ್ತಲೇ ಬೆಳೆದವರು. ಅದರಲ್ಲಿ ಸುಳ್ಳು ಎಷ್ಟು ನಿಜ ಎಷ್ಟು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಹಸಿದವರು ಉಂಡರೆ ಅದರಲ್ಲಿ ನಾಚಿಕೆ ಏನಿದೆ?

ನನಗೆ ಆಸಕ್ತಿ ಇರುವುದು, ಆ ಕೂಳಿನ ದುಡ್ಡು ಎಲ್ಲಿಂದ ಬಂತು ಅನ್ನುವುದರಲ್ಲಿ. ಬಿಳಿಯರು, ಶ್ರೀಮಂತರು, ಕೊಟ್ಟರು ಅಂತ ಸುಮ್ಮನಾಗುತ್ತೇವೆ. 1855ರಲ್ಲಿ ಬಾಸೆಲ್ ಊರಿನ ಕಾರ್ಲ್ ಸರಾಸಿನ್ ಅನ್ನುವವರು ಒಂದು ಯೋಜನೆ ಹಾಕಿದರು. ರೇಷ್ಮೆ ಪಟ್ಟಿ ನೇಯುವ ಉದ್ಯಮದವರು ಅವರು. ನಮ್ಮ ಖಣದ ಊರಿಗೆ ದೂರದ ನೆಂಟರು ಅನ್ನಬಹುದು. ಶ್ರೀಮಂತರ ದೊಡ್ಡ ದಾನಕ್ಕೆ ಕಾಯುತ್ತಾ ಕೂರುವುದು ಬೇಡ, ಸಾಮಾನ್ಯ ಜನ ವಾರಕ್ಕೆ ಅರ್ಧ ಬಾಟ್ಸೆನ್ ಕೊಡಲಿ ಅಂದರು. ಅಂದರೆ 5 ಸೆಂಟೀಮ್. ಅಲ್ಲಿನ ಬಿಡಿಕಾಸು. ಅದನ್ನು ಮನೆಮನೆಗೆ ಹೋಗಿ ಕೂಡಿಸುವವರು ಹುಟ್ಟಿಕೊಂಡರು. ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿಯ ಹಳ್ಳಿಗಳ ಜನ ವಾರ ವಾರ ಹಾಕಿದ ಆ ಅರ್ಧ ಬಾಟ್ಸೆನ್‌ಗಳು ಮಿಶನ್ನಿನ ದೊಡ್ಡ ಆದಾಯವಾದವು. ಅಂದರೆ ನಮ್ಮ ಹಿರಿಯರ ತಾಟಿಗೆ ಬಿದ್ದದ್ದರಲ್ಲಿ ಅಲ್ಲಿನ ಯಾವುದೋ ಅವ್ವನ ಡಬ್ಬಿಯ ಪಾಲೂ ಇತ್ತು. ಇದನ್ನು ಅಜ್ಜನಿಗೆ ಯಾರಾದರೂ ಹೇಳಿದ್ದರೆ ಅವರಿಗೆ ಆ ಬೈಗುಳ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಸೆರೆಯಲ್ಲಿಟ್ಟು ಆಮೇಲೆ ವಾಪಸ್ ಕಳಿಸಿತು. ನಮ್ಮ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿಯಬೇಕಾಯಿತು. ಪೂರ್ತಿ ಕಲಿತವಾ ಅಂದರೆ, ಹೇಳುವುದು ಕಷ್ಟ. ಹೊರಗಿನಿಂದ ಯಾರಾದರೂ ಬಂದು ಕಟ್ಟಿಸಿಕೊಡಲಿ ಅನ್ನುವ ಚಾಳಿ ಇನ್ನೂ ಇದೆ. ಆಸ್ತಿಯ ಜಗಳಗಳ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ.

ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯವನ್ನು ನಾನು ಆಯಿಯ ಆ ರವಿವಾರದ ನಂತರ ಮತ್ತೆ ಓದಿದೆ. ಯೆರೂಸಲೇಮಿನ ಬಡವರಿಗಾಗಿ ಪೌಲನು ಹಣ ಕೂಡಿಸುತ್ತಿದ್ದಾನೆ. ಮಕೆದೋನ್ಯದ ಸಭೆಗಳು ಬಹಳ ಬಡತನದಲ್ಲಿವೆ. ಬಹುಶಃ ಅವರನ್ನು ಕೇಳುವುದು ಬೇಡ ಅಂತ ಇವನಿಗೂ ಅನಿಸಿತ್ತೋ ಏನೋ. ಆದರೆ ಅವರೇ ಬಂದು, ನಮಗೂ ಈ ಕೆಲಸದಲ್ಲಿ ಪಾಲು ಕೊಡಿ ಅಂತ ಬೇಡಿಕೊಂಡರಂತೆ. ತೆಗೆದುಕೊಳ್ಳುವುದಕ್ಕೆ ಬೇಡುವವರನ್ನು ನೋಡಿದ್ದೇವೆ. ಇವರು ಕೊಡುವುದಕ್ಕೆ ಬೇಡಿದರು. ನಮ್ಮ ಆಯಿ ಬೇಡಲಿಲ್ಲ, ಬೈದರು. ಬಾಗಲಕೋಟೆಯವರು ನೋಡಿ.

ಚಹಾ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದ್ದು ನೆನಪಿದೆಯಲ್ಲ. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಬಂದಿತ್ತು. ಊರೂರಿಂದ ರೊಟ್ಟಿ ಬಂತು, ಚೀಲಗಟ್ಟಲೆ, ಟೆಂಪೋಗಟ್ಟಲೆ. ಅದು ಈ ನಾಡಿನ ದೊಡ್ಡ ಮನಸ್ಸು. ಅದರ ಜೊತೆ ಹರಕು ಬಟ್ಟೆಯ ಗುಡ್ಡವೂ ಬಂತು. ಯಾರೂ ಉಡಲಾಗದ, ಉಡಬಾರದ ಬಟ್ಟೆಗಳು. ಮನೆ ಸ್ವಚ್ಛ ಮಾಡಿಕೊಂಡು ಪುಣ್ಯವನ್ನೂ ಕಟ್ಟಿಕೊಂಡವರ ಕಾಣಿಕೆ.

ನಾವೂ ಕೆಲವು ಸಭೆಗಳವರು ಸೇರಿ ಕಿಟ್ ಮಾಡಿಕೊಂಡು ಹೊಳೆಯ ದಂಡೆಯ ಒಂದು ಊರಿನ ಗಂಜಿ ಕೇಂದ್ರಕ್ಕೆ ಹೋದೆವು. ಸರ್ಕಾರಿ ಸಾಲಿ ಅದು. ಜನ ಸರದಿಯಲ್ಲಿ ನಿಂತರು. ನಮ್ಮವರು ಬ್ಯಾನರ್ ಹಿಡಿದರು, ಫೋಟೋ ತೆಗೆದರು. ಕಿಟ್ ತೆಗೆದುಕೊಂಡವರು ತಲೆ ತಗ್ಗಿಸಿ ಹೋಗುತ್ತಿದ್ದರು. ಯಾರೂ ನಮ್ಮ ಜೊತೆ ಮಾತಾಡುತ್ತಿರಲಿಲ್ಲ. ನಾವೂ ಏನು ಮಾತಾಡುವುದು ಅಂತ ತಿಳಿಯದೆ "ಮುಂದ ಬರ್ರಿ, ಮುಂದ ಬರ್ರಿ" ಅನ್ನುತ್ತಿದ್ದೆವು. ಆಗ ನನ್ನ ವಾರಿಗೆಯ ಒಬ್ಬಾಕೆ ತನ್ನ ಕಿಟ್ ತೆಗೆದುಕೊಂಡು ಅಲ್ಲೇ ಕೂತು ಬಿಚ್ಚಿದಳು. ಚಹಾಪುಡಿ, ಸಕ್ಕರೆ ಹೊರಗೆ ತೆಗೆದು, ಕೇಂದ್ರದ ಒಲೆಯ ಕಡೆ ನಡೆದಳು. "ಎಲ್ಲಾರಿಗೂ ಇಡ್ತೀನಿ. ಬಾಗಲಕ್ವಾಟಿಯಿಂದ ಬಂದೀರಿ, ಹಂಗ ಹೋಗಬ್ಯಾಡ್ರಿ."

ನಮ್ಮ ಹುಡುಗರು ಹಿಂದೆ ಸರಿದರು. ಅವರಿಗೆ ಕೊಟ್ಟದ್ದನ್ನು ನಾವೇ ಕುಡಿಯುವುದಾ? ಒಬ್ಬ ಬೇಡ ಅಂದೇಬಿಟ್ಟ. ಅವಳ ಮುಖ ನೋಡಿ ನಾನು ಲೋಟ ತೆಗೆದುಕೊಂಡೆ. ಉಳಿದವರೂ ತೆಗೆದುಕೊಂಡರು. ಹಾಲಿಲ್ಲದ ಚಹಾ, ಸಕ್ಕರೆ ಕೈಬಿಚ್ಚಿ ಹಾಕಿದ್ದಳು. ಆಮೇಲೆ ಆ ಸಾಲಿಯ ವರಾಂಡ ಬೇರೆಯೇ ಆಯಿತು. ಸರದಿ ಚದುರಿತು. ಯಾರ ಎಮ್ಮೆ ಹೋಯಿತು, ಯಾರ ಗ್ವಾಡಿ ಬಿತ್ತು, ಯಾವ ಅಧಿಕಾರಿ ಬಂದ, ಯಾವನು ಬರಲಿಲ್ಲ, ಎಲ್ಲ ಮಾತು ಹೊರಗೆ ಬಂತು. ಬ್ಯಾನರ್ ಯಾರೋ ಮಡಚಿ ಜೀಪಿನಲ್ಲಿ ಹಾಕಿದ್ದರು. ಅವಳು ನಮ್ಮನ್ನು ನೆಂಟರನ್ನಾಗಿ ಮಾಡಿಕೊಂಡಿದ್ದಳು. ಅದಕ್ಕೆ ಅವಳಿಗೆ ಬೇಕಿದ್ದದ್ದು ಕೊಡಲು ಏನಾದರೂ ಒಂದು, ತೆಗೆದುಕೊಳ್ಳಲು ಯಾರಾದರೂ ಒಬ್ಬರು. ನಾವು ತಂದ ಕಿಟ್ಟಿನಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಆ ಚಹಾಪುಡಿ ಅಂತ ನನ್ನ ಅಭಿಪ್ರಾಯ.

ಇದನ್ನು ಕಲಿಯಲು ಕ್ರೈಸ್ತರೇ ಆಗಬೇಕಾಗಿಲ್ಲ. ಕೂಡಲಸಂಗಮ ಇರುವ ಜಿಲ್ಲೆ ನಮ್ಮದು. ದಾಸೋಹದ ಪಂಕ್ತಿಯಲ್ಲಿ ಬಡಿಸುವವರು ಉಣ್ಣುವವರಿಗೆ "ಇನ್ನೊಂದು ತುತ್ತು ತಗೋರಿ" ಅಂತ ಹಟ ಮಾಡುವುದನ್ನು ನೋಡಿ. ಉಂಡವರು ಬಡಿಸಿದವರಿಗೆ ಉಪಕಾರ ಮಾಡಿದ ಹಾಗೆ ಇರುತ್ತದೆ. ಇತ್ತ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಕಿಸೆ ಇಲ್ಲದ ಅಂಗಿ ತೊಡುತ್ತಿದ್ದರು. 2018ರಲ್ಲಿ ಕೊಟ್ಟ ಪದ್ಮಶ್ರೀಯನ್ನೂ ಬೇಡ ಅಂದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ನಮ್ಮ ಸಭೆಯವರೂ ಅತ್ತರು. ಏನೂ ತೆಗೆದುಕೊಳ್ಳದೆ ಇರುವುದು ದೊಡ್ಡ ಬಿಡುಗಡೆ. ಅದು ಅಂಥವರಿಗೆ ಆಗುತ್ತದೆ. ಸಂಸಾರದಲ್ಲಿ ಇರುವ ನಮಗೆ ಕಿಸೆ ಇದೆ, ಆಯಿಗೆ ಸೆರಗಿನ ಗಂಟು ಇದೆ. ನಾವು ಕೊಡಲೂ ಬೇಕು, ತೆಗೆದುಕೊಳ್ಳಲೂ ಬೇಕು. ಎರಡನೆಯದು ಕೊಡುವವರಿಗೆ ಹೆಚ್ಚು ಕಷ್ಟ.

ಬಿತ್ತಿದರೆ ಬೆಳೆಯುತ್ತದಂತೆ

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಮ್ಮನ ವಿಷಯಕ್ಕೆ ಬರಲೇಬೇಕು. ಅವನು ಬೆಳಗಾವಿಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದಾನೆ, ಸಾಲ ಇದೆ. ರಾತ್ರಿ ಫೋನಿನಲ್ಲಿ ಒಬ್ಬ ಬೋಧಕನನ್ನು ಕೇಳುತ್ತಾನೆ. ವಿಡಿಯೋದ ಕೆಳಗೆ ಕ್ಯೂಆರ್ ಕೋಡು ಇರುತ್ತದೆ. 1000 ರೂಪಾಯಿ ಬಿತ್ತಿರಿ, ನೂರರಷ್ಟು ಬೆಳೆ ಬರುತ್ತದೆ ಅನ್ನುತ್ತಾನೆ ಆ ಮನುಷ್ಯ. ತಮ್ಮ ತಿಂಗಳು ತಿಂಗಳು ಕಳಿಸುತ್ತಾನೆ. ಮಲಾಕಿಯನ ಮೂರನೇ ಅಧ್ಯಾಯ, ಲೂಕನ ಆರನೇ ಅಧ್ಯಾಯ, ಎಲ್ಲ ಅವನ ಬಾಯಲ್ಲಿದೆ.

ನಾನೂ ಬೈಬಲ್ ತೆಗೆದೆ. ಅಳತೆಯಲ್ಲಿ ಜಡಿದು, ಅಲ್ಲಾಡಿಸಿ, ಹೊರಚೆಲ್ಲುವ ಹಾಗೆ ನಿಮಗೆ ಕೊಡುವರು ಅನ್ನುವ ಲೂಕನ ವಾಕ್ಯ ಬರುವುದು ವೈರಿಗಳನ್ನು ಪ್ರೀತಿಸಿರಿ, ತೀರ್ಪು ಮಾಡಬೇಡಿರಿ, ಕ್ಷಮಿಸಿರಿ ಅನ್ನುವ ಮಾತುಗಳ ಬೆನ್ನಿಗೆ. ಮಾರ್ಕನ 10ನೇ ಅಧ್ಯಾಯದಲ್ಲಿ ನೂರರಷ್ಟು ಅನ್ನುವ ಮಾತು ಇದೆ, ಆದರೆ ಅದೇ ಸಾಲಿನಲ್ಲಿ ಹಿಂಸೆಗಳೂ ಬರುತ್ತವೆ ಅಂತ ಇದೆ. ಅದನ್ನು ಯಾವ ಕ್ಯೂಆರ್ ಕೋಡಿನ ಮೇಲೂ ಬರೆಯುವುದಿಲ್ಲ. ಇನ್ನು ಮಲಾಕಿಯನು ತಂದುಕೊಡಿ ಅನ್ನುವ ದಶಮಾಂಶ, ಅಂದರೆ ಹತ್ತನೇ ಪಾಲು. ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಪ್ರಕಾರ ಮೂರು ವರ್ಷಕ್ಕೊಮ್ಮೆ ಆ ಹತ್ತನೇ ಪಾಲನ್ನು ಊರಲ್ಲೇ ಕೂಡಿಸಿ ಇಡಬೇಕು. ದೇವಾಲಯದ ಸೇವೆಯ ಕುಲದವರಾದ ಲೇವಿಯರು, ಪರದೇಶದವರು, ತಂದೆ ಇಲ್ಲದ ಮಕ್ಕಳು, ವಿಧವೆಯರು ಬಂದು ಹೊಟ್ಟೆ ತುಂಬ ಉಣ್ಣಬೇಕು. ವಿಧವೆ ಉಣ್ಣಬೇಕಾದ ಪಂಕ್ತಿ ಅದು. ಈ ಮನುಷ್ಯ ಆಕೆಯ ತಾಟಿಗೇ ಕೈ ಹಾಕುತ್ತಿದ್ದಾನೆ.

ಇದನ್ನೆಲ್ಲ ಹೇಳಿದಾಗ ತಮ್ಮ ಒಂದು ಮಾತು ಅಂದ. ಅದಕ್ಕೆ ಉತ್ತರ ಕೊಡಲು ನನಗೆ ಕೆಲವು ದಿನ ಬೇಕಾಯಿತು. "ಅಪ್ಪ ಕುಂಬಳಕಾಯಿಗೆ ವಾರದ ಮಜೂರಿ ಹಾಕಿದಾಗ ನೀ ಚಪ್ಪಾಳಿ ಹೊಡದಿ. ನಾ ಕಳಿಸಿದ್ರ ಶಾಸ್ತ್ರ ಹೇಳ್ತಿ. ನನಗೂ ಕೊಡಾಕ ಮನಸಾಗ್ತೈತಿ ಅಕ್ಕಾ. ದಿನಾ ಬೆಳಗಾದ್ರ ಮಂದಿ ಮುಂದ ಕೈ ಚಾಚೀನೇ ನಿಂದರ್ತೀನಿ." ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೂ ಆಯಿಯ ಪುಸ್ತಕದಂಥ ಒಂದು ಪುಸ್ತಕ ಬೇಕು. ಆ ಬೋಧಕನ ಜಾಣತನ ಇರುವುದೂ ಅಲ್ಲೇ. ಬಡವರಿಗೆ ದುರಾಸೆ ಅಂತ ನಾವು ಬೈಯುತ್ತೇವೆ. ಆತ ಅವರ ದುರಾಸೆಯನ್ನಷ್ಟೇ ಅಲ್ಲ, ಕೊಡಬೇಕು ಅನ್ನುವ ಅವರ ಆಸೆಯನ್ನೂ ದುಡಿಸಿಕೊಳ್ಳುತ್ತಾನೆ.

ಹಾಗಾದರೆ ಅಪ್ಪನ ಕುಂಬಳಕಾಯಿಗೂ ಇದಕ್ಕೂ ವ್ಯತ್ಯಾಸ ಏನು? ನನಗೆ ಹೊಳೆದದ್ದು ಖಜಾಂಚಿಯ ಉತ್ತರ. ಅಪ್ಪನಿಗೆ ಆ ದುಡ್ಡು ಎಲ್ಲಿ ಹೋಯಿತು ಅಂತ ಗೊತ್ತಿತ್ತು. ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುತ್ತಿದ್ದರು, ಸುಗ್ಗಿ ಹಬ್ಬದ ಸವಾಲು ಇಷ್ಟು, ಹಂಚು ಹೊದಿಸಿದ್ದಕ್ಕೆ ಇಷ್ಟು ಅಂತ. ಅಪ್ಪ ಎದ್ದು ನಿಂತು ಕೇಳಬಹುದಿತ್ತು, ಒಮ್ಮೆ ಕೇಳಿದ್ದೂ ಉಂಟು. ಅವರು ಕೊಟ್ಟದ್ದರಿಂದ ಸಭೆಯಲ್ಲಿ ಅವರಿಗೆ ಬಾಯಿ ಬಂತು. ಪೌಲನಿಗೂ ಈ ಎಚ್ಚರ ಇತ್ತು. ಅದೇ 8ನೇ ಅಧ್ಯಾಯದ ಕೊನೆಗೆ ಆ ದೊಡ್ಡ ಮೊತ್ತವನ್ನು ಒಯ್ಯಲು ತನ್ನ ಜೊತೆಗಾರ ತೀತನ ಜೊತೆ ಸಭೆಗಳು ಆರಿಸಿದ ಬೇರೆಯವರನ್ನೂ ಕಳಿಸುತ್ತಾನೆ. ಈ ಹಣದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಬರೆಯುತ್ತಾನೆ. ತಮ್ಮ ಕಳಿಸುವ ಕಡೆ ಅವನಿಗೆ ಬಾಯಿ ಇಲ್ಲ. ಬರೀ ಕೈ ಇದೆ.

ಕಳಿಸಬೇಡ ಅಂತ ಹೇಳುವುದನ್ನು ಬಿಟ್ಟೆ. ಹಾಗೆ ಹೇಳಿದರೆ ಅವನ ಹೆಸರನ್ನೂ ಪುಸ್ತಕದಿಂದ ತೆಗೆದ ಹಾಗೇ. ನಿಮ್ಮ ಓಣಿಯ ಸಭೆಯಲ್ಲಿ ಕೊಡು, ಎಷ್ಟಾದರೂ ಸರಿ, ಅಲ್ಲಿ ಲೆಕ್ಕ ಕೇಳು ಅಂದೆ. ಇಲ್ಲ, ಇಲ್ಲಿಗೇ ಕೊಡುತ್ತೇನೆ ಅಂದ. ಆಯಿತು, ಹಾಗಾದರೆ ಒಂದೇ ಒಂದು ಕೇಳು, ಆ ಖಾತೆ ಯಾರ ಹೆಸರಲ್ಲಿದೆ, ಹೋದ ವರ್ಷ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಅಂತ. ಒಂದು ಅಂದು ಮೂರು ಕೇಳಿಸಿದೆ, ಇರಲಿ. ಹೋದ ವಾರ ಅವನು ನಿಜವಾಗಿಯೂ ಮೆಸೇಜ್ ಹಾಕಿದ್ದಾನೆ. ಅಲ್ಲಿಂದ ಪ್ರಾರ್ಥನೆಯ ಒಂದು ಉದ್ದ ವಾಯ್ಸ್ ಮೆಸೇಜು ಬಂದಿದೆಯಂತೆ. ಲೆಕ್ಕ ಬಂದಿಲ್ಲ. ಮತ್ತೆ ಕೇಳುತ್ತೇನೆ ಅಂದಿದ್ದಾನೆ.